ಸೀಸರನ ಹಡಗು ಮುರಿದ ಹುಣ್ಣಿಮೆ

ಕ್ರಿ.ಪೂ. 55ರಲ್ಲಿ ರೋಮಿನ ಸೆನೆಟ್ ಸಭೆ 20 ದಿನಗಳ ದೇವತಾಪೂಜೆಗೆ ಅಪ್ಪಣೆ ಕೊಡಿಸಿತು. ಭೂಮಿಯ ಅಂಚಿನಲ್ಲಿದೆಯೆಂದು ರೋಮನ್ನರು ತಿಳಿದಿದ್ದ ಬ್ರಿಟನ್ ದ್ವೀಪದಲ್ಲಿ ಸೇನಾನಿ ಜೂಲಿಯಸ್ ಸೀಸರ್ ಕಾಲೂರಿ ಬಂದಿದ್ದಾನೆ ಎಂಬ ಸಂಭ್ರಮ ಅದು. ಸಂಭ್ರಮವನ್ನು ಬದಿಗಿಟ್ಟು ಲೆಕ್ಕ ತೆಗೆದರೆ ಸಿಗುವುದೇನು? ಗೆದ್ದುಕೊಂಡ ನೆಲ ಒಂದಂಗುಲವೂ ಇಲ್ಲ. ಅಲ್ಲಿ ಬಿಟ್ಟು ಬಂದ ಕಾವಲು ಪಡೆ ಇಲ್ಲ. ಕಳೆದುಕೊಂಡ ಹಡಗು 12. ಒತ್ತೆಯಾಳುಗಳನ್ನು ಕಳಿಸುತ್ತೇವೆಂದು ಮಾತು ಕೊಟ್ಟ ಬುಡಕಟ್ಟುಗಳಲ್ಲಿ ಮಾತು ಉಳಿಸಿಕೊಂಡವು ಎರಡೇ ಎರಡು. ಇದು ಯಾರೋ ಹೊಟ್ಟೆಕಿಚ್ಚಿನವರು ಬರೆದ ಲೆಕ್ಕವಲ್ಲ, ಸೀಸರನೇ ತನ್ನ ಗಾಲ್ ಯುದ್ಧದ ವರದಿಯಲ್ಲಿ ಬರೆದಿಟ್ಟದ್ದು.

ಆ ವರದಿಯಲ್ಲಿ ಒಂದು ಪುಟ್ಟ ಮಾತು ಬರುತ್ತದೆ. ಆ ರಾತ್ರಿ ಹುಣ್ಣಿಮೆಯಾಗಿತ್ತು, ಹುಣ್ಣಿಮೆಯಂದು ಮಹಾಸಾಗರದಲ್ಲಿ ಉಬ್ಬರ ಅತಿ ಹೆಚ್ಚು, ನಮ್ಮವರಿಗೆ ಇದು ಗೊತ್ತಿರಲಿಲ್ಲ ಎಂಬ ಅರ್ಥದ ಮಾತು. ದಂಡಯಾತ್ರೆ ಕೆಟ್ಟ ಕಥೆಯೆಲ್ಲ ಅದರಲ್ಲಡಗಿದೆ.

ಸೀಸರ್ ಆಗ ಗಾಲ್ ದೇಶದಲ್ಲಿ, ಅಂದರೆ ಇಂದಿನ ಫ್ರಾನ್ಸ್ ಮತ್ತು ಅದರ ನೆರೆಯ ಪ್ರದೇಶಗಳಲ್ಲಿ, ಕೆಲ್ಟ್ ಬುಡಕಟ್ಟುಗಳನ್ನು ಒಂದೊಂದಾಗಿ ಮಣಿಸುತ್ತಿದ್ದ. ಕಡಲಾಚೆಯ ಬ್ರಿಟನ್ನಿನವರೂ ಕೆಲ್ಟರೇ. ಭಾಷೆ, ಆಚಾರ, ವ್ಯಾಪಾರ, ನೆಂಟಸ್ತಿಕೆ ಎಲ್ಲದರಲ್ಲೂ ಎರಡು ದಡಗಳಿಗೆ ಬಳಕೆಯಿತ್ತು. ಗಾಲ್ ಜನರಿಗೆ ಅಲ್ಲಿಂದ ಸಹಾಯ ಬರುತ್ತಿದೆ ಎಂಬುದು ಸೀಸರ್ ಕೊಟ್ಟ ಕಾರಣ. ಇದುವರೆಗೆ ಯಾವ ರೋಮನ್ ಸೇನಾನಿಯೂ ಹೋಗದ ಕಡೆ ಹೋಗಿ ಬಂದೆನೆಂಬ ಹೆಸರೂ ಬೇಕಿತ್ತು ಎಂಬುದನ್ನು ಅವನು ಬರೆಯಲಿಲ್ಲ. ಓದುವವರಿಗೆ ಅದು ತಾನಾಗಿಯೇ ಕಾಣುತ್ತದೆ.

ಬೇಸಗೆ ಮುಗಿಯುತ್ತ ಬಂದಿತ್ತು. ಉತ್ತರದ ಆ ಸೀಮೆಯಲ್ಲಿ ಚಳಿಗಾಲ ಬೇಗ ಬರುತ್ತದೆ. ಯುದ್ಧ ಮಾಡಲು ಹೊತ್ತಿಲ್ಲ, ನೋಡಿಯಾದರೂ ಬರೋಣವೆಂದು ಸೀಸರ್ ಹೊರಟ. ಮೊದಲು ಆ ಕಡೆ ಹೋಗಿಬರುವ ವರ್ತಕರನ್ನೆಲ್ಲ ಕರೆಸಿ ವಿಚಾರಿಸಿದ. ದ್ವೀಪ ಎಷ್ಟು ದೊಡ್ಡದು, ಯಾವ ಯಾವ ಜನರಿದ್ದಾರೆ, ಹೇಗೆ ಯುದ್ಧ ಮಾಡುತ್ತಾರೆ, ಹೆಚ್ಚು ಹಡಗುಗಳು ನಿಲ್ಲುವಂಥ ಬಂದರು ಎಲ್ಲಿದೆ? ಒಂದಕ್ಕೂ ಉತ್ತರ ಸಿಗಲಿಲ್ಲ. ವರ್ತಕರಿಗೆ ಗೊತ್ತಿರಲಿಲ್ಲ ಎಂದು ಸೀಸರ್ ನಂಬಿದಂತಿದೆ. ತವರ ಮತ್ತು ತೊಗಲಿನ ವ್ಯಾಪಾರಕ್ಕೆ ವರ್ಷವರ್ಷವೂ ಆ ಕಾಲುವೆ ದಾಟುತ್ತಿದ್ದವರಿಗೆ ಬಂದರು ಗೊತ್ತಿರಲಿಲ್ಲವೆಂದರೆ ನಂಬುವುದು ಕಷ್ಟ. ದಂಡು ನುಗ್ಗಿದ ಕಡೆ ವ್ಯಾಪಾರ ಕೆಡುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ವೊಲುಸೆನಸ್ ಎಂಬ ಅಧಿಕಾರಿಯನ್ನು ಒಂದು ಯುದ್ಧನೌಕೆಯಲ್ಲಿ ದಡ ನೋಡಿಬರಲು ಕಳಿಸಿದ್ದಾಯಿತು. ಅವನು ಹಡಗಿನಿಂದ ಇಳಿಯುವ ಧೈರ್ಯ ಮಾಡಲಿಲ್ಲ, ದೂರದಿಂದಲೇ ಕಣ್ಣಳತೆ ಮಾಡಿ ಐದನೆಯ ದಿನ ಹಿಂದಿರುಗಿದ. ಇನ್ನೊಂದು ಕಡೆ, ತಾನೇ ರಾಜನನ್ನಾಗಿ ಮಾಡಿದ್ದ ಗಾಲ್ ದೇಶದ ಅಟ್ರೆಬೇಟ್ ಬುಡಕಟ್ಟಿನ ಕೋಮಿಯಸ್ ಎಂಬವನನ್ನು ಸೀಸರ್ ಸಂಧಾನಕ್ಕೆ ಕಳಿಸಿದ. ಬ್ರಿಟನ್ನಿನವರು ಅವನನ್ನು ಹಿಡಿದು ಸಂಕೋಲೆ ಹಾಕಿದರು. ಈ ಕೋಮಿಯಸನನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತಾನೆ.

ಸುಮಾರು 80 ಸಾಗಣೆ ಹಡಗುಗಳಲ್ಲಿ ಎರಡು ಲೀಜನ್ ಸೈನ್ಯ, ಏಳನೆಯದು ಮತ್ತು ಹತ್ತನೆಯದು, ಹತ್ತಿತು. ಲೀಜನ್ ಎಂದರೆ ಪೂರ್ಣ ಬಲದಲ್ಲಿ ಸುಮಾರು 5,000 ಕಾಲಾಳುಗಳ ದಳ. ಎಂಟು ಮೈಲಿ ಆಚೆ ಗಾಳಿಗೆ ಸಿಕ್ಕಿ ನಿಂತಿದ್ದ ಇನ್ನೂ 18 ಹಡಗುಗಳು ಕುದುರೆ ದಳಕ್ಕೆಂದು ಮೀಸಲು. ಕಾಲಾಳುಗಳು ನಡುರಾತ್ರಿಯ ಜಾವದಲ್ಲಿ ಹೊರಟರು. ಕುದುರೆ ದಳ ತಡಮಾಡಿತು. ಆ ತಡ ಕೊನೆಯವರೆಗೂ ಸರಿಹೋಗಲಿಲ್ಲ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೊದಲ ಹಡಗುಗಳು ಬ್ರಿಟನ್ನಿನ ದಡ ಕಂಡವು. ಡೋವರಿನ ಬಳಿ ಸೀಮೆಸುಣ್ಣದ ಬಿಳಿ ಬಂಡೆ ಸಮುದ್ರದಿಂದ ಗೋಡೆಯ ಹಾಗೆ 100 ಮೀಟರಿನಷ್ಟು ಎದ್ದು ನಿಂತಿದೆ. ಅದರ ನೆತ್ತಿಯ ಮೇಲೆಲ್ಲ ಆಯುಧ ಹಿಡಿದ ಜನ. ಮೇಲಿನಿಂದ ಈಟಿ ಎಸೆದರೆ ನೇರ ನೀರಂಚಿಗೆ ಬೀಳುವಷ್ಟು ಕಡಿದು. ಅಲ್ಲಿ ಇಳಿಯುವಂತಿಲ್ಲ. ಉಳಿದ ಹಡಗುಗಳು ಬರಲೆಂದು ಸೀಸರ್ ಮಧ್ಯಾಹ್ನ ಮೂರರ ತನಕ ಲಂಗರು ಹಾಕಿ ಕಾದ. ಆಮೇಲೆ ಗಾಳಿಯೂ ನೀರಿನ ಹರಿವೂ ಒಟ್ಟಿಗೆ ಅನುಕೂಲವಾದಾಗ ಏಳು ಮೈಲಿ ಸಾಗಿ ತಟ್ಟನೆಯ ತೆರೆದ ತೀರವೊಂದರಲ್ಲಿ ಹಡಗುಗಳನ್ನು ದಡದತ್ತ ತಿರುಗಿಸಿದ. ಬಂಡೆಯ ಮೇಲಿದ್ದವರೂ ಕುದುರೆ, ರಥಗಳಲ್ಲಿ ದಡದುದ್ದಕ್ಕೂ ಜೊತೆಜೊತೆಗೇ ಬಂದಿದ್ದರು!

ಹಡಗುಗಳು ದೊಡ್ಡವು, ತಳ ಆಳ. ದಡದ ತನಕ ಬರಲಾರವು. ಕಬ್ಬಿಣದ ಭಾರ ಹೊತ್ತ ಸೈನಿಕರು ಆಳ ಗೊತ್ತಿಲ್ಲದ ನೀರಿಗೆ ಧುಮುಕಿ, ಅಲೆಗಳಲ್ಲಿ ಕಾಲೂರಿ, ಒಣನೆಲದ ಮೇಲಿಂದ ಎಸೆಯುವವರೊಡನೆ ಕಾದಾಡಬೇಕು. ರೋಮನ್ ಸೈನಿಕರು ಹಿಂಜರಿದರು. ಆಗ ಹತ್ತನೆಯ ಲೀಜನ್ನಿನ ಗರುಡಧ್ವಜ ಹಿಡಿದವನು ಒಬ್ಬನೇ ನೀರಿಗೆ ಹಾರಿ ಶತ್ರುಗಳ ಕಡೆಗೆ ನಡೆದನಂತೆ. ಧ್ವಜ ಶತ್ರುವಿನ ಪಾಲಾದರೆ ಲೀಜನ್ನಿಗೆ ಬದುಕಿದ್ದೂ ಸತ್ತಂತೆ. ಹಾಗಾಗಿ ಉಳಿದವರೂ ಹಾರಿದರು. ಶಾಲಾ ಪುಸ್ತಕಗಳಲ್ಲಿ ಎರಡು ಸಾವಿರ ವರ್ಷಗಳಿಂದ ಮೆರೆಯುತ್ತಿರುವ ಈ ವೀರನ ಹೆಸರನ್ನು ಸೀಸರ್ ಬರೆದಿಲ್ಲ. ಅಂತೂ ಕತ್ತಲಾಗುವ ಮೊದಲು ದಡ ಸಿಕ್ಕಿತು. ಬ್ರಿಟನ್ನಿನವರು ಹಿಂದೆ ಸರಿದರು. ಅಟ್ಟಿಸಿಕೊಂಡು ಹೋಗಲು ಕುದುರೆಗಳಿರಲಿಲ್ಲ.

ಮರುದಿನ ಸಂಧಾನದ ಮಾತು ಬಂತು. ಕೋಮಿಯಸನನ್ನು ಬಿಟ್ಟು ಕಳಿಸಿದರು, ತಪ್ಪಾಯಿತೆಂದರು, ಕೆಲವು ಒತ್ತೆಯಾಳುಗಳನ್ನೂ ಒಪ್ಪಿಸಿದರು. ಮುಖಂಡರೆಲ್ಲ ಒಬ್ಬೊಬ್ಬರಾಗಿ ಪಾಳೆಯಕ್ಕೆ ಬರತೊಡಗಿದರು. ಕೆಲಸ ಸುಲಭವಾಗಿ ಮುಗಿಯಿತೆಂದೇ ಸೀಸರನಿಗೆ ಅನ್ನಿಸಿದ್ದಿರಬೇಕು.

ಬಂದಿಳಿದ ನಾಲ್ಕನೆಯ ದಿನ ಕುದುರೆ ದಳದ 18 ಹಡಗುಗಳು ದೂರದಲ್ಲಿ ಕಾಣಿಸಿಕೊಂಡವು. ಪಾಳೆಯದಿಂದಲೇ ನೋಡುವಷ್ಟು ಹತ್ತಿರ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಒಂದು ಹಡಗೂ ದಾರಿ ಹಿಡಿಯಲಾಗಲಿಲ್ಲ. ಕೆಲವು ಹೊರಟ ಕಡೆಗೇ ತಳ್ಳಲ್ಪಟ್ಟವು. ಕೆಲವು ಪಶ್ಚಿಮಕ್ಕೆ ಕೊಚ್ಚಿಹೋಗಿ, ಲಂಗರು ಹಾಕಿದರೆ ನೀರು ತುಂಬಿ, ವಿಧಿಯಿಲ್ಲದೆ ರಾತ್ರಿಯೇ ಗಾಲ್ ದಡಕ್ಕೆ ಮರಳಿದವು. ಒಂದು ಕುದುರೆಯೂ ದ್ವೀಪಕ್ಕೆ ಇಳಿಯಲಿಲ್ಲ.

ಅದೇ ರಾತ್ರಿ ಹುಣ್ಣಿಮೆ. ದಡಕ್ಕೆ ಎಳೆದು ಒಣನೆಲದ ಮೇಲೆ ನಿಲ್ಲಿಸಿದ್ದ ಯುದ್ಧನೌಕೆಗಳೊಳಗೆ ಉಬ್ಬರದ ನೀರು ನುಗ್ಗಿ ತುಂಬಿಕೊಂಡಿತು. ಆಚೆ ಲಂಗರು ಹಾಕಿ ನಿಂತಿದ್ದ ಸಾಗಣೆ ಹಡಗುಗಳು ಬಿರುಗಾಳಿಗೆ ಒಂದಕ್ಕೊಂದು ಬಡಿದುಕೊಂಡವು. ಯಾರೂ ಏನೂ ಮಾಡುವಂತಿರಲಿಲ್ಲ. ಬೆಳಗಾದಾಗ ಹಲವು ಹಡಗು ಒಡೆದಿದ್ದವು, ಮಿಕ್ಕವುಗಳಲ್ಲಿ ಹಗ್ಗವಿಲ್ಲ, ಲಂಗರಿಲ್ಲ, ಸಲಕರಣೆಯಿಲ್ಲ. ಹಿಂದಿರುಗಲು ಬೇರೆ ಹಡಗಿಲ್ಲ. ರಿಪೇರಿಗೆ ಸಾಮಾನಿಲ್ಲ. ಚಳಿಗಾಲ ಗಾಲ್ ದೇಶದಲ್ಲೇ ಕಳೆಯುವುದೆಂದು ತೀರ್ಮಾನವಾಗಿದ್ದರಿಂದ ಧಾನ್ಯವನ್ನೂ ತಂದಿರಲಿಲ್ಲ.

ಹುಣ್ಣಿಮೆ ಅಮಾವಾಸ್ಯೆಗೆ ಕಡಲು ಉಕ್ಕುತ್ತದೆಂಬುದು ನಮ್ಮ ಕರಾವಳಿಯ ಮಕ್ಕಳಿಗೂ ಗೊತ್ತು. ಜಗತ್ತನ್ನು ಗೆಲ್ಲಲು ಹೊರಟ ರೋಮನ್ನರಿಗೆ ಇದು ಗೊತ್ತಿರಲಿಲ್ಲವೆಂದರೆ ಏನರ್ಥ? ಇದಕ್ಕೆ ಉತ್ತರ ಅವರ ಕಡಲಿನಲ್ಲಿದೆ.

ಚಂದ್ರ ಭೂಮಿಯನ್ನು ಸೆಳೆಯುತ್ತಾನೆ. ತನಗೆದುರಾಗಿರುವ ಪಕ್ಕವನ್ನು ಹೆಚ್ಚು ಸೆಳೆಯುತ್ತಾನೆ, ಹಿಂಬದಿಯನ್ನು ಕಡಿಮೆ. ಸೆಳೆತದ ಈ ವ್ಯತ್ಯಾಸದಿಂದ ಸಾಗರದ ನೀರು ಎರಡು ಕಡೆ ಉಬ್ಬುತ್ತದೆ, ಚಂದ್ರನ ಕಡೆಗೊಂದು, ಅದಕ್ಕೆ ಎದುರು ದಿಕ್ಕಿಗೊಂದು. ಭೂಮಿ ತಿರುಗುತ್ತಿರುವುದರಿಂದ ಹೆಚ್ಚಿನ ತೀರಗಳು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಕಾಣುತ್ತವೆ. ಸೂರ್ಯನೂ ಇದೇ ಕೆಲಸ ಮಾಡುತ್ತಾನೆ. ಒಟ್ಟು ಸೆಳೆತದಲ್ಲಿ ಸೂರ್ಯ ಚಂದ್ರನಿಗಿಂತ ಬಹುಪಾಲು ಬಲಶಾಲಿ. ಆದರೆ ಉಬ್ಬರಕ್ಕೆ ಬೇಕಾದದ್ದು ಸೆಳೆತವಲ್ಲ, ಸೆಳೆತದ ವ್ಯತ್ಯಾಸ. ದೂರ ಹೆಚ್ಚಿದಂತೆ ಈ ವ್ಯತ್ಯಾಸ ಬಹಳ ಬೇಗ ಕುಗ್ಗುತ್ತದೆ. ಆದ್ದರಿಂದ ಚಂದ್ರನ ಪಾಲು 100 ಎಂದಿಟ್ಟುಕೊಂಡರೆ ಸೂರ್ಯನದು ಸುಮಾರು 46 ಮಾತ್ರ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬಂದಾಗ ಎರಡೂ ಕೂಡಿ 146 ಆಗುತ್ತದೆ. ಅಷ್ಟಮಿಯ ಹೊತ್ತಿಗೆ ಒಂದನ್ನೊಂದು ಕಳೆದು 54ಕ್ಕೆ ಇಳಿಯುತ್ತದೆ.

ಇದು ಸಾಗರದ ಲೆಕ್ಕ. ರೋಮನ್ನರ ಮೆಡಿಟರೇನಿಯನ್ ಬೇರೆಯದೇ ಕಥೆ. ಸುತ್ತ ನೆಲ ಆವರಿಸಿದ ಆ ಕಡಲಿಗೆ ಅಟ್ಲಾಂಟಿಕ್ ಸಾಗರದೊಡನೆ ಇರುವ ಬಾಗಿಲು ಜಿಬ್ರಾಲ್ಟರ್ ಜಲಸಂಧಿ, ಅತಿ ಕಿರಿದಾದ ಕಡೆ 14 ಕಿಲೋಮೀಟರ್ ಅಗಲ. ಕಿರುಬಾಯಿಯ ಹೂಜಿಯನ್ನು ಆರು ಗಂಟೆಯಲ್ಲಿ ತುಂಬಿ ಆರು ಗಂಟೆಯಲ್ಲಿ ಖಾಲಿ ಮಾಡಲು ಆಗುತ್ತದೆಯೆ? ಸಾಗರದ ಉಬ್ಬರ ಒಳಗೆ ಬರುವಷ್ಟರಲ್ಲಿ ಇಳಿತ ಶುರುವಾಗಿರುತ್ತದೆ. ಹಾಗಾಗಿ ಮೆಡಿಟರೇನಿಯನ್ನಿನ ಬಹಳಷ್ಟು ತೀರಗಳಲ್ಲಿ ಉಬ್ಬರವಿಳಿತ ಮೊಣಕಾಲಿನ ಎತ್ತರವೂ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಅದು ಒಂದೆರಡು ಮೀಟರ್. ಡೋವರಿನಲ್ಲಿ ಹುಣ್ಣಿಮೆಯ ಆಸುಪಾಸಿನಲ್ಲಿ ಸುಮಾರು ಆರು ಮೀಟರ್! ಅಟ್ಲಾಂಟಿಕ್‌ನಿಂದ ಬರುವ ಉಬ್ಬರದ ನೀರು ಇಂಗ್ಲಿಷ್ ಕಾಲುವೆಯ ಇಕ್ಕಟ್ಟಿನೊಳಗೆ ಒತ್ತಿಕೊಂಡು ಬರುವುದರಿಂದ ಅಲ್ಲಿ ನೀರು ಅಷ್ಟು ಏರುತ್ತದೆ. ಹುಣ್ಣಿಮೆಯಂದು ಡೋವರಿನಲ್ಲಿ ಉಬ್ಬರ ನೆತ್ತಿ ಮುಟ್ಟುವುದು ನಡುಹಗಲು, ನಡುರಾತ್ರಿಗಳ ಆಸುಪಾಸಿನಲ್ಲಿ. ಸೀಸರನ ಹಡಗುಗಳಿಗೆ ನೀರು ನುಗ್ಗಿದ್ದೂ ರಾತ್ರಿಯೇ.

ಮೋಸ ಎಲ್ಲಿ ನಡೆಯಿತೆಂದು ಈಗ ಊಹಿಸಬಹುದು. ಸೀಸರನ ವರದಿಯಂತೆ ಲೆಕ್ಕ ಹಾಕಿದರೆ ಅವನು ಬಂದಿಳಿದ ದಿನ ಚಂದ್ರ ಏಕಾದಶಿ, ದ್ವಾದಶಿಯ ಹಂತದಲ್ಲಿದ್ದ. ಅಷ್ಟಮಿಯ ಸಣ್ಣ ಉಬ್ಬರ ಕಳೆದು ಸ್ವಲ್ಪ ದಿನವಾಗಿತ್ತಷ್ಟೆ. ಅಂದಿನ ನೀರಿನ ಗೆರೆ ನೋಡಿ, ಅದಕ್ಕಿಂತ ಮೇಲೆ ಎಳೆದು ನಿಲ್ಲಿಸಿದ ಹಡಗು ಅಂದಿಗೆ ಭದ್ರ. ಆದರೆ ಮರುದಿನದ ಗೆರೆ ಇನ್ನೊಂದಿಷ್ಟು ಮೇಲೆ, ಅದರ ಮರುದಿನದ್ದು ಮತ್ತೂ ಮೇಲೆ. ಅದರ ಮೇಲೆ ಬಿರುಗಾಳಿ ಬೇರೆ. ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಕಡಲ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ದಡದತ್ತ ಬೀಸುವ ಗಾಳಿ ನೀರನ್ನು ಇನ್ನಷ್ಟು ಪೇರಿಸುತ್ತದೆ. ಎರಡೂ ಒಂದೇ ರಾತ್ರಿ ಕೂಡಿಬಂದವು.

‘ನಮ್ಮವರಿಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ಮಾತ್ರ ಹಾಗೇ ಒಪ್ಪುವಂತಿಲ್ಲ. ಗೊತ್ತಿದ್ದವರು ಇದ್ದರು. ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ, ಇಂದಿನ ಮಾರ್ಸೇಲ್ಸ್ ನಗರದ ಪಿಥಿಯಸ್ ಎಂಬ ಗ್ರೀಕ್ ನಾವಿಕ ಬ್ರಿಟನ್ ಸುತ್ತಿ ಬಂದಿದ್ದ. ಉಬ್ಬರವನ್ನು ಚಂದ್ರನ ವೃದ್ಧಿಕ್ಷಯಗಳಿಗೆ ಗಂಟುಹಾಕಿದವನೆಂದು ಹಳೆಯ ಲೇಖಕರು ಅವನನ್ನು ಹೆಸರಿಸುತ್ತಾರೆ. ಸೀಸರನ ಕಾಲದಲ್ಲೇ ಬದುಕಿದ್ದ ಪೊಸಿಡೋನಿಯಸ್ ಎಂಬ ಗ್ರೀಕ್ ವಿದ್ವಾಂಸ ಸ್ಪೇನಿನ ಅಟ್ಲಾಂಟಿಕ್ ತೀರದ ಗೇಡಿಸ್ ಪಟ್ಟಣದಲ್ಲಿ ಕೂತು ಕಡಲನ್ನು ನೋಡಿ, ಉಬ್ಬರಕ್ಕೆ ದಿನದ ಲಯವೊಂದು, ತಿಂಗಳ ಲಯವೊಂದು ಇದೆಯೆಂದು ಬರೆದಿದ್ದ.

ಅದೇ ಗೇಡಿಸ್ ಸೀಸರನಿಗೂ ಚೆನ್ನಾಗಿ ಪರಿಚಿತ. ಅಧಿಕಾರದ ಮೊದಲ ಮೆಟ್ಟಿಲಲ್ಲೊಮ್ಮೆ, ಆಮೇಲೆ ಪ್ರಾಂತ್ಯದ ಆಡಳಿತಗಾರನಾಗಿ ಇನ್ನೊಮ್ಮೆ ಆ ಸೀಮೆಯಲ್ಲಿ ಇದ್ದವನು. ಕ್ರಿ.ಪೂ. 61ರಲ್ಲಿ ಇಂದಿನ ಪೋರ್ಚುಗಲ್ ಕರಾವಳಿಯಲ್ಲಿ ಶತ್ರುಗಳು ಸೇರಿಕೊಂಡಿದ್ದ ಒಂದು ದ್ವೀಪಕ್ಕೆ ಅವನು ತೆಪ್ಪಗಳಲ್ಲಿ ಸೈನಿಕರನ್ನು ಕಳಿಸಿದಾಗ ಕಡಲ ನೀರಿನ ಏರಿಳಿತ ತೆಪ್ಪಗಳನ್ನು ದೂರ ಒಯ್ದು, ಇಳಿದವರು ಅಲ್ಲೇ ಸಿಕ್ಕಿಬಿದ್ದು ಸತ್ತರೆಂದು ಇತಿಹಾಸಕಾರ ಡಿಯೊ ಬರೆಯುತ್ತಾನೆ. ಬ್ರಿಟನ್ನಿಗೆ ಹೋಗುವ ಹಿಂದಿನ ವರ್ಷವಷ್ಟೇ ವೆನೆಟಿ ಎಂಬ ಕಡಲ ಜನರ ಮೇಲೆ ಯುದ್ಧ ಮಾಡಿದ್ದ. ಅವರ ಕೋಟೆಗಳಿಗೆ ಉಬ್ಬರದ ಹೊತ್ತಿನಲ್ಲಿ ಕಾಲ್ನಡೆಯಲ್ಲಿ ಹೋಗುವಂತಿಲ್ಲ, ಇಳಿತದ ಹೊತ್ತಿನಲ್ಲಿ ಹಡಗಿನಲ್ಲಿ ಹೋಗುವಂತಿಲ್ಲ ಎಂದು ಅವನೇ ವಿವರವಾಗಿ ಬರೆದಿದ್ದಾನೆ. ದಿನದ ಲಯ ಅವನಿಗೆ ಗೊತ್ತಿತ್ತು. ಹದಿನೈದು ದಿನದ ಲಯದ ಕಡೆ ಲಕ್ಷ್ಯ ಹೋಗಲಿಲ್ಲ. ಜೊತೆಗಿದ್ದ ಗಾಲ್ ನಾವಿಕರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ದಡದ ಮೇಲಿನವರಿಗೆ ಪರಿಸ್ಥಿತಿ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಸಂಧಾನಕ್ಕೆ ಬಂದಿದ್ದ ಮುಖಂಡರು ಪಾಳೆಯ ಎಷ್ಟು ಚಿಕ್ಕದೆಂದು ಕಣ್ಣಾರೆ ಕಂಡಿದ್ದರು. ಕುದುರೆಯಿಲ್ಲ, ಹಡಗಿಲ್ಲ, ಧಾನ್ಯವಿಲ್ಲ. ಒಬ್ಬೊಬ್ಬರಾಗಿ ಮೆಲ್ಲನೆ ಪಾಳೆಯ ಬಿಟ್ಟು ಹೊರಟರು, ಹೊಲಗಳಿಂದ ಜನರನ್ನು ಗುಟ್ಟಾಗಿ ಸೇರಿಸತೊಡಗಿದರು. ನೇರ ಯುದ್ಧ ಬೇಡ, ಆಹಾರ ತಡೆದು ಚಳಿಗಾಲದವರೆಗೆ ಎಳೆದರೆ ಸಾಕು, ಇವರು ಮುಗಿದರೆ ಇನ್ನು ಯಾರೂ ಈ ದ್ವೀಪದ ಕಡೆ ತಲೆ ಹಾಕುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಬಹಳ ಸರಿಯಾದ ಲೆಕ್ಕಾಚಾರವೇ. ರೋಮನ್ ಸೈನಿಕನಿಗೆ ದಿನಕ್ಕೆ ಸುಮಾರು ಒಂದು ಕಿಲೋಗ್ರಾಂ ಗೋಧಿ ಬೇಕು. ಹತ್ತು ಸಾವಿರ ಮಂದಿಗೆ ದಿನವೂ ಕ್ವಿಂಟಲ್ ತೂಕದ ನೂರು ಮೂಟೆ. ಅಪರಿಚಿತ ದ್ವೀಪದಲ್ಲಿ, ಪಕ್ಕದ ಹೊಲದಿಂದ ಕೊಯ್ದು ತರಬೇಕು. ಆ ಹೊಲಗಳು ಯಾರವು, ವರ್ಷದ ಬೆಳೆ ಹೋದ ಮೇಲೆ ಆ ಮನೆಗಳಲ್ಲಿ ಚಳಿಗಾಲಕ್ಕೆ ಒಲೆ ಹೇಗೆ ಉರಿಯಿತು ಎಂಬುದರ ಬಗ್ಗೆ ವರದಿಯಲ್ಲಿ ಒಂದು ಅಕ್ಷರವೂ ಇಲ್ಲ.

ಸೀಸರನನ್ನು ಇಲ್ಲಿ ಮೆಚ್ಚಲೇಬೇಕು. ಅವನು ಗಾಬರಿಯಾಗಲಿಲ್ಲ. ತೀರಾ ಹಾಳಾದ ಹಡಗುಗಳನ್ನು ಒಡೆಸಿ ಅವುಗಳ ಮರ, ಕಂಚುಗಳಿಂದ ಉಳಿದವನ್ನು ರಿಪೇರಿ ಮಾಡಿಸಿದ. ಮಿಕ್ಕ ಸಾಮಾನನ್ನು ಗಾಲ್ ದಡದಿಂದ ತರಿಸಿದ. ಸೈನಿಕರೇ ಬಡಗಿಗಳಾಗಿ ದುಡಿದರು. ಹನ್ನೆರಡು ಹಡಗು ಹೋದವು, ಉಳಿದವು ಹೇಗೋ ತೇಲುವಂತಾದವು.

ಈ ನಡುವೆ ಧಾನ್ಯ ಕೊಯ್ಯಲು ಹೋದ ಏಳನೆಯ ಲೀಜನ್ ಸಿಕ್ಕಿಬಿದ್ದಿತು. ಸುತ್ತಲಿನ ಹೊಲಗಳೆಲ್ಲ ಕೊಯ್ದಾಗಿದ್ದವು. ಒಂದೇ ಒಂದು ಹೊಲ ಉಳಿದಿತ್ತು. ರೋಮನ್ನರು ಅಲ್ಲಿಗೆ ಬರದೆ ಎಲ್ಲಿಗೆ ಹೋಗುತ್ತಾರೆ? ಬ್ರಿಟನ್ನಿನವರು ಹಿಂದಿನ ರಾತ್ರಿಯೇ ಪಕ್ಕದ ಕಾಡಿನಲ್ಲಿ ಅಡಗಿ ಕುಳಿತರು. ಸೈನಿಕರು ಆಯುಧ ಕೆಳಗಿಟ್ಟು ಬಗ್ಗಿ ಕೊಯ್ಯುತ್ತಿರುವಾಗ ನುಗ್ಗಿದರು. ಆ ದಿಕ್ಕಿನಲ್ಲಿ ಎಂದಿಗಿಂತ ಹೆಚ್ಚು ಧೂಳು ಏಳುತ್ತಿದೆಯೆಂದು ಪಾಳೆಯದ ಬಾಗಿಲ ಕಾವಲಿನವರು ಹೇಳಿದ್ದರಿಂದ ಸೀಸರನಿಗೆ ಅನುಮಾನ ಬಂತು. ಅವನು ಓಡಿಹೋಗಿ ತಲುಪದಿದ್ದರೆ ಆ ಲೀಜನ್ ಪೂರ್ತಿ ಕೆಡುತ್ತಿತ್ತು.

ರೋಮನ್ನರು ಅಲ್ಲಿ ಕಂಡದ್ದು ರಥಗಳ ಯುದ್ಧ. ಗಾಲ್ ದೇಶದಲ್ಲಿ ರಥ ಬಳಕೆ ತಪ್ಪಿಹೋಗಿತ್ತು, ಬ್ರಿಟನ್ನಿನಲ್ಲಿ ಉಳಿದಿತ್ತು. ಎರಡು ಕುದುರೆಯ ಹಗುರ ರಥ. ಮೊದಲು ಎಲ್ಲ ದಿಕ್ಕಿಗೂ ಓಡಿಸುತ್ತ ಈಟಿ ಎಸೆದು, ಚಕ್ರದ ಸದ್ದಿನಿಂದಲೇ ಸಾಲು ಕೆಡಿಸುವುದು. ಆಮೇಲೆ ಯೋಧ ಕೆಳಗೆ ಹಾರಿ ಕಾಲಾಳಾಗಿ ಹೋರಾಡುತ್ತಾನೆ. ಸಾರಥಿ ರಥವನ್ನು ಸ್ವಲ್ಪ ದೂರ ಒಯ್ದು ತಯಾರಾಗಿ ನಿಲ್ಲುತ್ತಾನೆ. ಸೋಲುವಂತೆ ಕಂಡರೆ ಯೋಧ ಓಡಿಬಂದು ಹತ್ತಿ ಮಾಯ. ಕಡಿದಾದ ಇಳಿಜಾರಿನಲ್ಲೂ ಓಡುವ ಕುದುರೆಗಳನ್ನು ತಡೆದು ತಿರುಗಿಸುವ, ಮೂಕಿಯ ಮೇಲೆ ಓಡಿ ನೊಗದ ಮೇಲೆ ನಿಲ್ಲುವ ಅವರ ಅಭ್ಯಾಸವನ್ನು ಸೀಸರ್ ಬಾಯಿತುಂಬ ಹೊಗಳಿದ್ದಾನೆ. ಹೊಗಳಿಕೆಯಲ್ಲಿ ತನ್ನ ಸೈನ್ಯದ ತಡವರಿಕೆಗೆ ಸಮಜಾಯಿಷಿಯೂ ಇದೆಯೆನ್ನಿ. ಇಷ್ಟಾಗಿಯೂ ಕ್ರಿ.ಪೂ. 55ರಲ್ಲಿ ಎದುರು ನಿಂತ ಒಬ್ಬ ನಾಯಕನ ಹೆಸರನ್ನೂ ಅವನು ಕೊಟ್ಟಿಲ್ಲ. ಬ್ರಿಟನ್ನಿನ ಕೆಲ್ಟರು ಬರೆದಿಟ್ಟ ಇತಿಹಾಸವೂ ಇಲ್ಲ. ಗೆಲ್ಲಲಾಗದೆ ಬಂದವನ ಕಥೆಯೇ ನಮಗೆ ಸಿಕ್ಕಿರುವ ಕಥೆ.

ಆಮೇಲೆ ಹಲವು ದಿನ ಮಳೆ ಗಾಳಿ. ಪಾಳೆಯದ ಮುಂದೆ ಕೊನೆಯದೊಂದು ಯುದ್ಧ ನಡೆದು ಬ್ರಿಟನ್ನಿನವರು ಚದುರಿದರು. ಮತ್ತೆ ಸಂಧಾನ. ಸೀಸರ್ ಈ ಸಲ ಎರಡರಷ್ಟು ಒತ್ತೆಯಾಳು ಕೇಳಿದ. ಆದರೆ ಅವರು ಬರುವ ತನಕ ಕಾಯಲಿಲ್ಲ, ಗಾಲ್ ದಡಕ್ಕೆ ಕಳಿಸಿಕೊಡಿ ಎಂದ! ಹಗಲು ರಾತ್ರಿ ಸಮನಾಗುವ ವಿಷುವ ದಿನ ಹತ್ತಿರವಾಗಿತ್ತು, ತೇಪೆ ಹಾಕಿದ ಹಡಗುಗಳು ಆ ಕಾಲದ ಗಾಳಿಗೆ ತಡೆಯಲಾರವು. ಅನುಕೂಲ ಹವೆ ಸಿಕ್ಕಿದ ಒಂದು ದಿನ ನಡುರಾತ್ರಿ ಕಳೆದ ಕೂಡಲೇ ಲಂಗರು ಎತ್ತಿಸಿದ. ಬಂದದ್ದೂ ನಡುರಾತ್ರಿಯಲ್ಲೇ, ಹೋದದ್ದೂ ನಡುರಾತ್ರಿಯಲ್ಲೇ.

ಮರುವರ್ಷ ಸೀಸರ್ ಸರಿಯಾಗಿ ತಯಾರಾದ. ಚಳಿಗಾಲವೆಲ್ಲ ಹೊಸ ಹಡಗುಗಳನ್ನು ಕಟ್ಟಿಸಿದ. ಈ ಸಲ ಎತ್ತರ ಕಡಿಮೆ, ಅಗಲ ಹೆಚ್ಚು, ದಡಕ್ಕೆ ಎಳೆಯಲು ಸುಲಭ, ಹಾಯಿಗೂ ಹುಟ್ಟಿಗೂ ಒಗ್ಗುವಂಥವು. ಕ್ರಿ.ಪೂ. 54ರ ಬೇಸಗೆಯಲ್ಲಿ ಐದು ಲೀಜನ್, 2,000 ಕುದುರೆ, ಖಾಸಗಿಯವೂ ಸೇರಿ 800ಕ್ಕೂ ಮೇಲ್ಪಟ್ಟು ಹಡಗು. ಸಂಜೆ ಹೊರಟರು. ನಡುರಾತ್ರಿ ಗಾಳಿ ನಿಂತಿತು. ನೀರಿನ ಹರಿವು ಹಡಗುಗಳನ್ನು ಎಳೆದುಕೊಂಡು ಹೋಗಿ, ಬೆಳಗಾದಾಗ ನೋಡಿದರೆ ಬ್ರಿಟನ್ ಎಡಗಡೆ ಹಿಂದೆ ಉಳಿದಿತ್ತು! ಹರಿವು ತಿರುಗಿದ ಮೇಲೆ ಅದರ ಜೊತೆಗೇ ಹುಟ್ಟು ಹಾಕಿ ದಡ ಸೇರಿದರು. ಇಷ್ಟು ಕಲಿತವನು ಇಳಿದ ಮೇಲೆ ಮಾಡಿದ್ದೇನು? ಮೆತ್ತನೆಯ ತೆರೆದ ದಡವೆಂಬ ಧೈರ್ಯದಲ್ಲಿ ಹಡಗುಗಳನ್ನು ಲಂಗರಿಗೆ ಕಟ್ಟಿ ಒಳನಾಡಿಗೆ ನಡೆದ. ಅಂದಿನ ರಾತ್ರಿಯೇ ಬಿರುಗಾಳಿ ಬಂದು ಸುಮಾರು 40 ಹಡಗು ಪುಡಿಯಾದವು. ಹಿಂದಕ್ಕೆ ಓಡಿಬಂದು, ಹತ್ತು ದಿನ ಹಗಲಿರುಳು ದುಡಿಸಿ, ಎಲ್ಲ ಹಡಗನ್ನೂ ದಡಕ್ಕೆಳೆಸಿ ಪಾಳೆಯದ ಜೊತೆಗೆ ಸೇರಿಸಿ ಕೋಟೆ ಕಟ್ಟಿಸಿದ. ಬ್ರಿಟನ್ನಿನವರಿಗೆ ಕಸಿವೆಲೌನಸ್ ಎಂಬ ನಾಯಕ ಸಿಕ್ಕಿದ್ದೂ ಈ ಹತ್ತು ದಿನಗಳಲ್ಲೇ.

ಕಸಿವೆಲೌನಸನೂ ಯುದ್ಧದ ಕೊನೆಗೆ ಕೆಂಟ್ ಸೀಮೆಯ ನಾಲ್ವರು ರಾಜರಿಗೆ ಹೇಳಿ ಕಳಿಸಿದ್ದು ಹಡಗುಗಳ ಪಾಳೆಯದ ಮೇಲೆ ಬೀಳಿರೆಂದು. ಅದು ಕೈಗೂಡಲಿಲ್ಲ. ಸಂಧಾನವಾಯಿತು, ಕಪ್ಪದ ಮಾತಾಯಿತು, ಸೀಸರ್ ಮತ್ತೆ ಎಲ್ಲರನ್ನೂ ಹಡಗು ಹತ್ತಿಸಿ ಹೊರಟುಹೋದ. ಆ ದ್ವೀಪದಲ್ಲಿ ಗುಂಜಿ ಬೆಳ್ಳಿಯೂ ಇಲ್ಲ, ಗುಲಾಮರ ಹೊರತು ಬೇರೆ ಕೊಳ್ಳೆಯ ಆಸೆಯಿಲ್ಲ ಎಂದು ಸಿಸೆರೊ ಗೆಳೆಯನಿಗೆ ಪತ್ರ ಬರೆದ. ಅವನ ತಮ್ಮ ಕ್ವಿಂಟಸ್ ಈ ದಂಡಿನಲ್ಲಿದ್ದ. ಸೀಸರ್ ಬ್ರಿಟನ್ನನ್ನು ಮುಂದಿನವರಿಗೆ ತೋರಿಸಿಕೊಟ್ಟನೇ ಹೊರತು ಗೆದ್ದು ಕೊಡಲಿಲ್ಲ ಎಂಬುದು ನೂರೈವತ್ತು ವರ್ಷಗಳ ನಂತರದ ಇತಿಹಾಸಕಾರ ಟ್ಯಾಸಿಟಸನ ತೀರ್ಪು. ರೋಮನ್ ಸೈನ್ಯ ಮತ್ತೆ ಬಂದದ್ದು ಕ್ರಿ.ಶ. 43ರಲ್ಲಿ.

ಹಡಗು ಮುರಿದ ಹುಣ್ಣಿಮೆಯಿಂದ ಇತಿಹಾಸಕ್ಕೆ ಒಂದು ಲಾಭವಾಗಿದೆ. ಅಂದಿನ ರೋಮನ್ ಪಂಚಾಂಗ ಋತುಗಳಿಂದ ಕಳಚಿಕೊಂಡು ಅಸ್ತವ್ಯಸ್ತವಾಗಿತ್ತು. ಅದನ್ನು ಸರಿಪಡಿಸಲು ಇದೇ ಸೀಸರ್ ಮುಂದೆ ಕ್ರಿ.ಪೂ. 46ನೆಯ ವರ್ಷವನ್ನು 445 ದಿನಗಳಿಗೆ ಎಳೆಯಬೇಕಾಯಿತು. ಹಾಗಾಗಿ ಅದಕ್ಕೆ ಮುಂಚಿನ ಘಟನೆಗಳ ತಾರೀಖು ಹೇಳುವುದು ಕಷ್ಟ. ಆದರೆ ಚಂದ್ರನಿಗೆ ಸೆನೆಟ್ಟಿನ ಹಂಗಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ, ಹಿಂದಕ್ಕೆ ಎಣಿಸುತ್ತ ಹೋಗಬಹುದು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1691ರಲ್ಲಿ ಹಾಗೆ ಎಣಿಸಿ, ಆ ಹುಣ್ಣಿಮೆ ಆಗಸ್ಟ್ 30ರ ರಾತ್ರಿಯದು, ಸೀಸರ್ ಬಂದಿಳಿದದ್ದು ಆಗಸ್ಟ್ 26ರ ಮಧ್ಯಾಹ್ನದ ನಂತರ, ಡೋವರಿಗೆ ಈಶಾನ್ಯದ ಡೀಲ್ ಬಳಿಯ ತೀರದಲ್ಲಿ ಎಂದ.

ಇದಕ್ಕೆ ಇನ್ನೊಬ್ಬ ಖಗೋಳಜ್ಞ ಜಾರ್ಜ್ ಏರಿ 19ನೆಯ ಶತಮಾನದಲ್ಲಿ ತಕರಾರು ತೆಗೆದ. ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಮಧ್ಯಾಹ್ನ ಮೂರಕ್ಕೆ ಡೋವರಿನ ಬಳಿ ನೀರು ಹರಿಯುವುದು ನೈಋತ್ಯಕ್ಕೆ. ಡೀಲ್ ಇರುವುದು ಈಶಾನ್ಯಕ್ಕೆ. ಗಾಳಿಯೂ ನೀರೂ ಅನುಕೂಲವಾಗಿದ್ದವೆಂದು ಸೀಸರ್ ಬರೆದದ್ದು ನಿಜವಾದರೆ ಡೀಲ್ ತಲುಪಿದ್ದು ಹೇಗೆ? ಏರಿ ಇಳಿದ ಜಾಗವನ್ನೇ ಪಶ್ಚಿಮದ ಪೆವೆನ್ಸಿಗೆ ಸರಿಸಿದ. ಅಮೆರಿಕದ ಟೆಕ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಓಲ್ಸನ್ ಮತ್ತು ಸಂಗಡಿಗರು ಸೂರ್ಯಚಂದ್ರರ ಸ್ಥಿತಿ ಕ್ರಿ.ಪೂ. 55ನ್ನು ಬಹುಮಟ್ಟಿಗೆ ಹೋಲುತ್ತಿದ್ದ 2007ರ ಆಗಸ್ಟ್‌ನಲ್ಲಿ ಅಲ್ಲಿಗೇ ಹೋಗಿ ನೀರಿನ ಹರಿವನ್ನು ಪರೀಕ್ಷಿಸಿದರು. ಏರಿ ಹೇಳಿದ ಹರಿವು ಸರಿ, ಹ್ಯಾಲಿ ಹೇಳಿದ ಜಾಗವೂ ಸರಿ, ತಪ್ಪಿದ್ದು ದಿನ, ಸೀಸರ್ ಇಳಿದದ್ದು ಆಗಸ್ಟ್ 22 ಅಥವಾ 23ರಂದು ಎಂಬುದು ಅವರ ವಾದ. ಹಾಗಾದರೆ ಏಕಾದಶಿಯ ಬದಲು ಸಪ್ತಮಿ, ಅಷ್ಟಮಿ, ಅಂದರೆ ಅತಿ ಸಣ್ಣ ಉಬ್ಬರದ ದಿನಗಳು. ಇದಕ್ಕಾಗಿ ವರದಿಯ ‘ನಾಲ್ಕನೆಯ ದಿನ’ ಎಂಬುದು ನಕಲುಗಾರರ ಕೈತಪ್ಪೆಂದು ಒಪ್ಪಬೇಕಾಗುತ್ತದೆ. ಅದೇ ಅದರ ದುರ್ಬಲ ಕೊಂಡಿ. ಎರಡನೆಯ ಸಲದ ಮಾತು ಬೇರೆ. ಡೀಲ್‌ಗೆ ಉತ್ತರದ ಎಬ್ಸ್‌ಫ್ಲೀಟ್ ಬಳಿ ಲೆಸ್ಟರ್ ವಿಶ್ವವಿದ್ಯಾಲಯದವರು ಆ ಕಾಲದ ದೊಡ್ಡ ಕಂದಕವನ್ನೂ ಕಬ್ಬಿಣದ ಆಯುಧಗಳನ್ನೂ ಅಗೆದು ತೆಗೆದು, ಇದು ಕ್ರಿ.ಪೂ. 54ರ ಪಾಳೆಯವಿರಬೇಕೆಂದು 2017ರಲ್ಲಿ ಪ್ರಕಟಿಸಿದರು. ಅಂದು ಕಡಲಿಗೆ ಹತ್ತಿರವಿದ್ದ ಆ ಜಾಗ ಈಗ ಸುಮಾರು 900 ಮೀಟರ್ ಒಳಗಿದೆ.

ಕೋಮಿಯಸನ ಕಥೆಯೊಂದು ಬಾಕಿಯಿದೆ. ಸೀಸರನ ಪರವಾಗಿ ಹೋಗಿ ಸಂಕೋಲೆ ಹಾಕಿಸಿಕೊಂಡಿದ್ದ ಆತ ಕ್ರಿ.ಪೂ. 52ರಲ್ಲಿ ಗಾಲ್ ದೇಶವೆಲ್ಲ ಬಂಡೆದ್ದಾಗ ತನ್ನವರ ಕಡೆ ಸೇರಿಕೊಂಡ. ಮುಂದೆ ಸೋತು ಬ್ರಿಟನ್ನಿಗೆ ಓಡಿಹೋಗಲೆಂದು ಕಾಲುವೆಯ ದಡಕ್ಕೆ ಬಂದ. ಬೆನ್ನ ಹಿಂದೆ ಸೀಸರ್. ಗಾಳಿ ಅನುಕೂಲವಾಗಿತ್ತು, ಆದರೆ ಇಳಿತದ ಹೊತ್ತು. ಹಡಗುಗಳು ನೀರಿಲ್ಲದೆ ಮರಳಿನ ಮೇಲೆ ಕೂತಿದ್ದವು. ಕೋಮಿಯಸ್ ಹಾಯಿಗಳನ್ನು ಬಿಚ್ಚಿಸಿದ. ಗಾಳಿಗೆ ಹಾಯಿಗಳು ತುಂಬಿ ಉಬ್ಬಿಕೊಂಡವು. ದೂರದಿಂದ ಅದನ್ನು ಕಂಡ ಸೀಸರ್, ಹಡಗು ಆಗಲೇ ಕಡಲಲ್ಲಿ ಸಾಗುತ್ತಿದೆ, ಇನ್ನು ಸಿಗಲಾರದು ಎಂದುಕೊಂಡು ಅರ್ಧ ದಾರಿಯಿಂದಲೇ ಹಿಂದಿರುಗಿದ. ಮುಂದೆ ಬ್ರಿಟನ್ನಿನ ಅಧಿಪತಿಯಾಗಿದ್ದ ಫ್ರಾಂಟಿನಸ್ ಎಂಬ ರೋಮನ್ ಸೇನಾನಿ ಯುದ್ಧತಂತ್ರಗಳ ಬಗೆಗಿನ ತನ್ನ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಕೋಮಿಯಸನ ಹೆಸರು ಅಚ್ಚಾದ ನಾಣ್ಯಗಳು ದಕ್ಷಿಣ ಇಂಗ್ಲೆಂಡಿನ ನೆಲದಲ್ಲಿ ಸಿಕ್ಕಿವೆ.